5070 ಟಿಐ ಗ್ರಾಫಿಕ್ಸ್ ಕಾರ್ಡ್: ಎಲ್‌ಸಿಡಿ, ಆರ್‌ಜಿಬಿ, ಫ್ಯಾಕ್ಟರಿ ಓಸಿ ಇರೋ ಮಾಡೆಲ್‌ಗೆ 22 ಸಾವಿರ ಜಾಸ್ತಿ ಕೊಡಬೇಕಾ?

ಕಲಬುರಗಿ_ಬಿಸಿಲು:
ಆರ್‌ಟಿಎಕ್ಸ್ 5070 ಟಿಐ ಅಂತ ತೀರ್ಮಾನ ಆಗಿದೆ, ಯಾವ ಮಾಡೆಲ್ ಅನ್ನೋದು ಮಾತ್ರ ಬಗೆಹರೀತಿಲ್ಲ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಎರಡು ಕೊಟೇಶನ್ ಸಿಕ್ಕಿವೆ. ಒಂದು ಸಾದಾ ಮೂರು ಫ್ಯಾನಿಂದು, 304 ಮಿಮೀ ಉದ್ದ, ಲೈಟೂ ಇಲ್ಲ ಏನೂ ಇಲ್ಲ. ಇನ್ನೊಂದು ಅದೇ ಚಿಪ್, 340 ಮಿಮೀ, ಪಕ್ಕದಲ್ಲಿ ಟೆಂಪರೇಚರ್ ತೋರಿಸೋ ಎಲ್‌ಸಿಡಿ, ಸುತ್ತ ಆರ್‌ಜಿಬಿ (ಬಣ್ಣದ ಲೈಟು), ಡ್ಯುಯಲ್ ಬಯೋಸ್ (ಕಾರ್ಡ್ ನಡೆಸೋ ಮೂಲ ಸಾಫ್ಟ್‌ವೇರ್‌ನ ಎರಡು ಪ್ರತಿ), ಫ್ಯಾಕ್ಟರಿ ಓವರ್‌ಕ್ಲಾಕ್ (ಓಸಿ, ಅಂದ್ರೆ ಕಂಪನಿಯೇ ಹೆಚ್ಚಿಸಿದ ವೇಗ). ವ್ಯತ್ಯಾಸ 22 ಸಾವಿರ.

ಕೆಲಸ: ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್‌ನಲ್ಲಿ ರೆಂಡರ್, ಎಷ್ಟೋ ಸಲ ರಾತ್ರಿಯಿಡೀ. ಉಳಿದ ಹೊತ್ತು 1440ಪಿ ಗೇಮಿಂಗ್. ರೂಮಿಗೆ ಎಸಿ ಇಲ್ಲ, ಮೇ ತಿಂಗಳಲ್ಲಿ ಒಳಗೇ 38–40 ಡಿಗ್ರಿ. ಪಿಎಸ್‌ಯು (ಪವರ್ ಸಪ್ಲೈ) 750 ವ್ಯಾಟ್. ಕ್ಯಾಬಿನೆಟ್ 360 ಮಿಮೀ ಕಾರ್ಡ್ ಹಿಡಿಯುತ್ತೆ ಅಂತ ಬರೆದಿದೆ, ಮುಂದುಗಡೆ ಸಿಪಿಯು ಕೂಲರ್‌ನ ರೇಡಿಯೇಟರ್ ಇದೆ. ಅಂಗಡಿಯವರು "ಬಿಸಿಲೂರಿಗೆ ದೊಡ್ಡದೇ ಸರಿ ಸರ್" ಅಂತಾರೆ. ಹೌದಾ? ತಿಳಿದವರು ಹೇಳ್ರಿ.

ವೋಲ್ಟ್_ಇಳಿಸಿ:
ಮೊದಲು ಟೇಪ್ ಹಿಡಿದು ಅಳೀರಿ, ದುಡ್ಡಿನ ಮಾತು ಆಮೇಲೆ. ಕ್ಯಾಬಿನೆಟ್ ಡಬ್ಬದ ಮೇಲಿನ 360 ಮಿಮೀ ಸಾಮಾನ್ಯವಾಗಿ ಮುಂದೆ ಏನೂ ಇಲ್ಲದಿದ್ದಾಗಿನ ಲೆಕ್ಕ. ರೇಡಿಯೇಟರ್ 27 ಮಿಮೀ, ಅದರ ಫ್ಯಾನ್ 25 ಮಿಮೀ. ಎರಡೂ ಒಳಗೇ ಕೂತಿದ್ದರೆ ಉಳಿಯೋದು 308. ಸಾದಾ ಕಾರ್ಡ್ ಒತ್ತಿಕೊಂಡು ಕೂರುತ್ತೆ, 340ರದ್ದು ಕೂರಲ್ಲ. ರೇಡಿಯೇಟರನ್ನ ಮೇಲಕ್ಕೆ ಹಾಕೋಕೆ ಜಾಗ ಇಲ್ಲಾಂದ್ರೆ ಈ ಚರ್ಚೆಯೇ ಬೇಕಿಲ್ಲ.

ಜಾಗ ಇದೆ ಅಂದುಕೊಳ್ಳೋಣ. ಫ್ಯಾಕ್ಟರಿ ಓವರ್‌ಕ್ಲಾಕ್‌ಗೆ ಒಂದು ರೂಪಾಯಿನೂ ಕೊಡಬೇಡಿ. 5070 ಟಿಐಗೆ ಚಿಪ್ ಕಂಪನಿ ಎನ್‌ವಿಡಿಯಾ ನಿಗದಿ ಮಾಡಿರೋ ಬೂಸ್ಟ್ ವೇಗ 2452 ಮೆಗಾಹರ್ಟ್ಸ್. ದುಬಾರಿ ಮಾಡೆಲ್‌ಗಳಲ್ಲಿ 2600ರ ಹತ್ತಿರ ಬರೆದಿರ್ತಾರೆ, ಓದೋಕೆ 5–6 ಪರ್ಸೆಂಟ್ ಜಾಸ್ತಿ. ಆದರೆ ಪವರ್, ಟೆಂಪರೇಚರ್ ಮಿತಿಯಲ್ಲಿ ಇರೋ ತನಕ ಚಿಪ್ ತಾನಾಗೇ ಡಬ್ಬದ ನಂಬರ್ ದಾಟಿ ಓಡುತ್ತೆ. ಸಾದಾ ಕಾರ್ಡೂ ಲೋಡ್‌ನಲ್ಲಿ 2700 ಮುಟ್ಟುತ್ತೆ. ಕೊನೆಗೆ ಆಟದಲ್ಲಿ ಸಿಗೋದು 80 ಫ್ರೇಮ್ ಬರೋ ಕಡೆ 82.

ಎಲ್‌ಸಿಡಿಯಂತೂ ಶೋಕಿ. ಅದರಲ್ಲಿ ಬೇಕಾದ್ದು ತೋರಿಸೋಕೆ ಕಂಪನಿಯ ಸಾಫ್ಟ್‌ವೇರ್ ಹಾಕಬೇಕು, ಅದು ಹಿನ್ನೆಲೆಯಲ್ಲಿ ಓಡ್ತಾ ಇರಬೇಕು. ಹೆಚ್‌ಡಬ್ಲ್ಯೂಇನ್ಫೋ ಅನ್ನೋ ಸಾಫ್ಟ್‌ವೇರ್ ಮೆಮೊರಿ ಟೆಂಪರೇಚರ್ ಸಮೇತ ಬಿಟ್ಟಿ ತೋರಿಸುತ್ತೆ. ಕೈಯಲ್ಲಿ 22 ಸಾವಿರ ಇದ್ದೇ ಇದೆ ಅಂದ್ರೆ ಇದರ ಮೇಲಿನ ಕಾರ್ಡ್, ಸಾದಾ 5080ರ ಇವತ್ತಿನ ಬೆಲೆ ಒಮ್ಮೆ ಕೇಳಿ. ಮೆಮೊರಿ ಅದೇ 16 ಜಿಬಿ, ಆದರೆ ಕೋರ್‌ಗಳು 8960ರ ಬದಲು 10752. ಬ್ಲೆಂಡರ್‌ಗೆ ಇದು ನಿಜವಾಗಲೂ ಉಪಯೋಗಕ್ಕೆ ಬರುತ್ತೆ. ಒಂದೇ ತೊಡಕು, ಅದು 360 ವ್ಯಾಟ್ ಕಾರ್ಡ್, ಎನ್‌ವಿಡಿಯಾ ಹೇಳೋದು 850 ವ್ಯಾಟ್ ಪಿಎಸ್‌ಯು.

ಕರಾವಳಿ_ಫ್ಯಾನ್:
ಎಲ್‌ಸಿಡಿ, ಆರ್‌ಜಿಬಿ ದಂಡ ಅನ್ನೋದಕ್ಕೆ ನನ್ನ ತಕರಾರಿಲ್ಲ. ದೊಡ್ಡ ಕೂಲರನ್ನೂ ಅದೇ ಸಾಲಿಗೆ ಸೇರಿಸಬೇಡಿ ಮಾರಾಯ್ರೆ. ಬ್ರೋಷರ್‌ನಲ್ಲಿ ಹೆಚ್ಚು ಮಿಂಚದೆ, ಕೆಲಸ ಮಾಡೋ ಭಾಗ ಅದೊಂದೇ.

ಲೆಕ್ಕ ಸರಳ. ಫ್ಯಾನ್ ವೇಗ, ಲೋಡ್ ಎರಡೂ ಅಷ್ಟೇ ಇದ್ದರೆ ರೂಮ್ ಎಷ್ಟು ಡಿಗ್ರಿ ಏರುತ್ತೋ ಕಾರ್ಡೂ ಹೆಚ್ಚುಕಮ್ಮಿ ಅಷ್ಟೇ ಏರುತ್ತೆ. 25 ಡಿಗ್ರಿ ರೂಮಿನಲ್ಲಿ ರಿವ್ಯೂ ಮಾಡಿ "66 ಡಿಗ್ರಿ, ಸೂಪರ್" ಅಂತ ಹೇಳಿದ ಕಾರ್ಡು ನಿಮ್ಮ 40 ಡಿಗ್ರಿ ರೂಮಿನಲ್ಲಿ 81. ಅದನ್ನ ಕೆಳಗಿಳಿಸೋಕೆ ಸಾದಾ ಕಾರ್ಡಿನ ಫ್ಯಾನ್ ಕಿರುಚಬೇಕು. ದಪ್ಪ ಹೀಟ್‌ಸಿಂಕ್ ಇದ್ದರೆ ಅದೇ ಕೆಲಸ ನಿಧಾನ ಫ್ಯಾನ್‌ನಲ್ಲಿ ಆಗುತ್ತೆ. ಹಾಗಂತ ಬಿಸಿಲೂರಿಗೆ ಕಾರ್ಡ್ ದೊಡ್ಡದಿದ್ದರೆ ರೂಮ್ ತಂಪು ಅನ್ನೋ ಭ್ರಮೆ ಬೇಡ, ಕಾರ್ಡ್ ಎಳೆಯೋ 300 ವ್ಯಾಟ್ ಹೇಗೂ ರೂಮಿಗೇ ಬಂದು ಬೀಳೋದು.

ಇನ್ನೊಂದು ಮಾತು, ಝೀರೋ ಫ್ಯಾನ್. ಎರಡೂ ಮಾಡೆಲ್‌ನಲ್ಲಿ ಇದ್ದೇ ಇರುತ್ತೆ. ಸುಮಾರು 50–55 ಡಿಗ್ರಿ ತನಕ ಫ್ಯಾನ್ ನಿಂತಿರುತ್ತೆ. ರೂಮೇ 40 ಇದ್ದಾಗ ಸುಮ್ಮನೆ ಕೂತ ಕಾರ್ಡೂ ಆ ಗಡಿಯಲ್ಲೇ ಓಲಾಡುತ್ತೆ, ಎರಡು ಮಾನಿಟರ್ ಇದ್ದರಂತೂ ಕೇಳೋದೇ ಬೇಡ. ಫ್ಯಾನ್ ನಿಮಿಷಕ್ಕೊಮ್ಮೆ ಶುರುವಾಗಿ ನಿಲ್ಲೋ ಸದ್ದು ಸತತ ಸದ್ದಿಗಿಂತ ತಲೆ ತಿನ್ನುತ್ತೆ. ಬೇಸಿಗೆಯಲ್ಲಿ ಆಫ್ಟರ್‌ಬರ್ನರ್‌ (ಕಾರ್ಡ್ ಸೆಟ್ಟಿಂಗ್ ಬದಲಿಸೋ ಸಾಫ್ಟ್‌ವೇರ್) ತೋರಿಸೋ ಫ್ಯಾನ್ ಕರ್ವ್‌ನಲ್ಲಿ, ಅಂದ್ರೆ ಟೆಂಪರೇಚರ್‌ಗೆ ತಕ್ಕ ಫ್ಯಾನ್ ವೇಗದ ಗೆರೆಯಲ್ಲಿ, ಕನಿಷ್ಠ 30 ಪರ್ಸೆಂಟ್ ಇಟ್ಟುಬಿಡಿ, ಹಿಸ್ಟೆರಿಸಿಸ್ (ಟೆಂಪರೇಚರ್ ಇಷ್ಟು ಇಳಿಯೋ ತನಕ ಫ್ಯಾನ್ ವೇಗ ಇಳಿಸದ ಅಂತರ) ಜಾಗದಲ್ಲಿ 4–5 ಡಿಗ್ರಿ ಕೊಡಿ.

ಕಲಬುರಗಿ_ಬಿಸಿಲು:
ಅಳೆದೆ. ರೇಡಿಯೇಟರ್ ಮೇಲೆ ಹೋಗುತ್ತೆ, ಅಂದ್ರೆ ಎರಡೂ ಕೂರುತ್ತವೆ. ಡ್ಯುಯಲ್ ಬಯೋಸ್‌ನ ಸೈಲೆಂಟ್ ಮೋಡ್‌ಗಾದರೂ ಬೆಲೆ ಇದೆಯಾ? ಅಂಡರ್‌ವೋಲ್ಟ್ (ಚಿಪ್‌ಗೆ ಹೋಗೋ ವೋಲ್ಟೇಜ್ ಇಳಿಸೋದು) ಮಾಡಿದ್ರೆ ಸಾದಾ ಕಾರ್ಡೇ ಸಾಕಾಗುತ್ತಾ?

ವೋಲ್ಟ್_ಇಳಿಸಿ:
ಸೈಲೆಂಟ್ ಬಯೋಸ್ ಬಹಳಷ್ಟು ಕಾರ್ಡ್‌ಗಳಲ್ಲಿ ಬರೀ ನಿಧಾನದ ಫ್ಯಾನ್ ಕರ್ವ್, ಕೆಲವದರಲ್ಲಿ ಪವರ್ ಲಿಮಿಟ್ ಕೂಡ ಸ್ವಲ್ಪ ಇಳಿಸಿರ್ತಾರೆ. ಅದನ್ನ ನೀವೇ ಐದು ನಿಮಿಷದಲ್ಲಿ ಮಾಡ್ಕೋಬಹುದು. ಎರಡು ಬಯೋಸ್ ಚಿಪ್ ಇರೋದರ ಅಸಲಿ ಲಾಭ ಬೇರೆ: ಬಯೋಸ್ ಅಪ್‌ಡೇಟ್ ಮಧ್ಯೆ ಕರೆಂಟ್ ಹೋಗಿ ಒಂದು ಕೆಟ್ಟರೆ, ಪಿಸಿ ಆಫ್ ಮಾಡಿ ಸ್ವಿಚ್ ಇನ್ನೊಂದಕ್ಕೆ ತಳ್ಳಿದರೆ ಡಿಸ್‌ಪ್ಲೇ ಬರುತ್ತೆ. ಯುಪಿಎಸ್ ಇದ್ದರೆ ಅದರ ಅಗತ್ಯವೂ ಅಪರೂಪ.

ಅಂಡರ್‌ವೋಲ್ಟ್ ಖಂಡಿತ ಮಾಡಿ. ಆಫ್ಟರ್‌ಬರ್ನರ್ ತೆಗೆದು ಕಂಟ್ರೋಲ್ ಮತ್ತು ಎಫ್ ಒತ್ತಿ, ಯಾವ ವೋಲ್ಟೇಜ್‌ಗೆ ಎಷ್ಟು ವೇಗ ಅನ್ನೋ ಕರ್ವ್ ಬರುತ್ತೆ. ಕೋರ್ ಕ್ಲಾಕ್ ಸ್ಲೈಡರ್ ಮೈನಸ್ 300ಕ್ಕೆ ಎಳೆದು ಇಡೀ ಗೆರೆ ಕೆಳಗಿಳಿಸಿ. ಆಮೇಲೆ 950 ಮಿಲಿವೋಲ್ಟ್ ಚುಕ್ಕೆ ಒಂದನ್ನೇ 2700ಕ್ಕೆ ಎತ್ತಿ ಅಪ್ಲೈ ಕೊಡಿ, ಅದರ ಬಲಗಡೆ ಗೆರೆ ಚಪ್ಪಟೆ ಆಗಬೇಕು. ಆಗಿಲ್ಲ ಅಂದ್ರೆ ಮೈನಸ್ ಇನ್ನೂ ಜಾಸ್ತಿ ಮಾಡಿ. ಟೆಸ್ಟ್‌ಗೆ ಗೇಮ್ ಸಾಲದು, ಬ್ಲೆಂಡರ್‌ನಲ್ಲಿ ಭಾರೀ ಸೀನ್ ಒಂದನ್ನ ಅರ್ಧ ಗಂಟೆ ರೆಂಡರ್ ಮಾಡಿ. ಸ್ಕ್ರೀನ್ ಒಮ್ಮೆ ಕಪ್ಪಾಗಿ ವಾಪಸ್ ಬಂದರೆ ಡ್ರೈವರ್ ರೀಸೆಟ್ ಆಗಿದೆ ಅಂತ ಅರ್ಥ, 30 ಮೆಗಾಹರ್ಟ್ಸ್ ಇಳಿಸಿ. ಕ್ರ್ಯಾಶ್ ಆಗದೇ ಇದ್ದರೂ ಹೆಚ್‌ಡಬ್ಲ್ಯೂಇನ್ಫೋದಲ್ಲಿ "ಎಫೆಕ್ಟಿವ್ ಕ್ಲಾಕ್" ನೋಡಿ. ತೋರಿಸೋದು 2700, ಎಫೆಕ್ಟಿವ್ 2600 ಇದ್ದರೆ ವೋಲ್ಟೇಜ್ ಸಾಲ್ತಿಲ್ಲ, ಕಾರ್ಡ್ ಒಳಗೊಳಗೇ ಕುಂಟ್ತಿದೆ. ಪೂರ್ತಿ ಗಟ್ಟಿ ಆಗೋ ತನಕ ಸ್ಟಾರ್ಟಪ್‌ನಲ್ಲಿ ಲೋಡ್ ಆಗೋ ಬಟನ್ ಒತ್ತಬೇಡಿ.

ಇಷ್ಟು ತಾಪತ್ರಯ ಬೇಡ ಅಂದ್ರೆ ರಾತ್ರಿ ರೆಂಡರ್‌ಗೆ ಪವರ್ ಲಿಮಿಟ್ 85ಕ್ಕೆ ಇಳಿಸಿ. 300 ಇದ್ದದ್ದು 255 ವ್ಯಾಟ್ ಆಗುತ್ತೆ, ವೇಗ ಹೋಗೋದು ಐದು ಪರ್ಸೆಂಟ್ ಆಸುಪಾಸು. ಈ ಮಟ್ಟಕ್ಕೆ ಸಾದಾ ಕೂಲರ್ ಧಾರಾಳ ಸಾಕು.

ಕರಾವಳಿ_ಫ್ಯಾನ್:
255 ವ್ಯಾಟ್‌ಗೆ ಇಳಿಸಿ ಓಡಿಸ್ತೀರಿ ಅಂದ್ರೆ ನಾನೂ ಸಾದಾ ಕಾರ್ಡಿಗೇ ಓಟು ಹಾಕ್ತೇನೆ. 300ರಲ್ಲೇ ಬೇಕು, ಸದ್ದೂ ಬೇಡ ಅನ್ನೋರಿಗೆ ಮಾತ್ರ ದೊಡ್ಡದು. ಅದರಲ್ಲೂ ಎಲ್‌ಸಿಡಿ ಇಲ್ಲದ ನಡು ಮಾಡೆಲ್ ಹುಡುಕಿ, ಕೆಲವು ಕಂಪನಿಗಳು ಅದೇ ಹೀಟ್‌ಸಿಂಕ್ ಹಾಕಿ ಅಲಂಕಾರ ಕಮ್ಮಿ ಮಾಡಿ ಮಾರ್ತವೆ.

ಬೆಸುಗೆ_ಕಡ್ಡಿ:
ರಿಪೇರಿ ಟೇಬಲ್ ಕಡೆಯಿಂದ ಒಂದಿಷ್ಟು. ಭಾರದ ಕಾರ್ಡಿನ ಬೋರ್ಡ್ ಬಿರುಕು ಬಿಡೋ ಜಾಗ ಹೆಚ್ಚಾಗಿ ಒಂದೇ: ಮದರ್‌ಬೋರ್ಡ್ ಸ್ಲಾಟ್‌ಗೆ ಕೂರೋ ಪಿಸಿಐಇ ಕಾಂಟ್ಯಾಕ್ಟ್ ಸಾಲಿನ ಕೊನೆಗೆ, ಸ್ಲಾಟ್‌ನ ಲಾಕ್ ಸಿಕ್ಕಿಸಿಕೊಳ್ಳೋ ಕೊಕ್ಕೆ ಹತ್ತಿರ. ಕೂದಲೆಳೆ ಬಿರುಕು, ಟಾರ್ಚ್ ಓರೆ ಹಿಡಿದರಷ್ಟೇ ಕಾಣುತ್ತೆ, ಒಳಪದರದ ಟ್ರೇಸ್ ಕಡಿದಿರುತ್ತೆ. ವಾರಂಟಿಯಲ್ಲಿ ಇದನ್ನ "ಫಿಸಿಕಲ್ ಡ್ಯಾಮೇಜ್" ಅಂತ ತಳ್ಳಿಹಾಕೋದು ಮಾಮೂಲು. ಆದ್ದರಿಂದ ಕಾರ್ಡ್ ಜೋತುಬೀಳದಂತೆ ಹಿಡಿಯೋಕೆ ಡಬ್ಬದಲ್ಲಿ ಬರೋ ಸಪೋರ್ಟ್ ಕಡ್ಡಿಗೆ ನನ್ನ ಪ್ರಕಾರ ಆರ್‌ಜಿಬಿಗಿಂತ ಹೆಚ್ಚು ಬೆಲೆ. ಅದು ಬರದಿದ್ದರೆ ಕೆಲವು ನೂರು ರೂಪಾಯಿಗೆ ಬೇರೆ ಸಿಗುತ್ತೆ.

ಕಾರ್ಡಿನ ಪವರ್ ಕನೆಕ್ಟರ್‌ನ ಒಂದೊಂದು ಪಿನ್ನಿನ ಕರೆಂಟ್ ತೋರಿಸೋ ಫೀಚರ್ ಬಗ್ಗೆ ಯಾರೂ ಕೇಳಿಲ್ಲ, ಆದರೂ ಅದು ಇಲ್ಲಾಂದ್ರೆ ಕನೆಕ್ಟರ್ ಸುಡುತ್ತೆ ಅಂತ ಅಂಗಡಿಯವರು ಹೆದರಿಸ್ತಾರೆ. 300 ವ್ಯಾಟ್ ಅಂದ್ರೆ 12 ವೋಲ್ಟ್‌ಗೆ 25 ಆಂಪಿಯರ್, ಆರು ಪಿನ್ನಿಗೆ ಹಂಚಿದರೆ ತಲಾ 4.2. ಪಿನ್ ತಡೆಯೋದು ಒಂಬತ್ತು ಚಿಲ್ಲರೆ. 575 ವ್ಯಾಟ್‌ನ 5090ಗೆ ಅದೇ ಲೆಕ್ಕ ತಲಾ 8 ಬರುತ್ತೆ, ಅಲ್ಲಿ ಒಂದು ಪಿನ್ ಸಡಿಲ ಆದರೂ ಉಳಿದವು ಮಿತಿ ದಾಟುತ್ತವೆ. ಆ ಕಾರ್ಡಿಗೆ ಅದು ಬೇಕಾದ ಫೀಚರ್, ನಿಮಗೆ ಬೇಡ. ನೀವು ಕನೆಕ್ಟರ್ ಪೂರ್ತಿ ಒಳಗೆ ಹೋಗೋ ತನಕ ಒತ್ತಿ, ನಡುವೆ ಸಂದು ಕಾಣಬಾರದು. ಮೊದಲ 35 ಮಿಮೀ ಕೇಬಲ್ ನೇರ ಇರಲಿ, ಗ್ಲಾಸ್ ಮುಚ್ಚೋಕೆ ಅಂತ ಬಗ್ಗಿಸಬೇಡಿ. ಅಡಾಪ್ಟರ್ ಬಳಸಿದರೆ ಪ್ರತಿ 8 ಪಿನ್ನಿಗೂ ಪಿಎಸ್‌ಯುನಿಂದ ಬೇರೆ ಬೇರೆ ಕೇಬಲ್ ಎಳೀರಿ.

ಆರ್‌ಜಿಬಿ ಇರೋದೇ ತಗೊಂಡ್ರೆ ಅದರ ವೈರನ್ನ ಮದರ್‌ಬೋರ್ಡ್‌ನ 3 ಪಿನ್ 5 ವೋಲ್ಟ್ ಹೆಡರ್‌ಗೇ ಹಾಕಿ. ಪಕ್ಕದಲ್ಲಿರೋ 4 ಪಿನ್ನಿಂದು 12 ವೋಲ್ಟ್, ಅದಕ್ಕೆ ತುರುಕಿದರೆ ಎಲ್‌ಇಡಿ ಸುಟ್ಟೇ ಹೋಗುತ್ತೆ.

ಬೆಂಗಳೂರಲ್ಲೇ ಅಸೆಂಬಲ್ ಮಾಡಿಸಿ ಕಲಬುರಗಿಗೆ ಬಸ್ಸಲ್ಲೋ ಪಾರ್ಸೆಲ್‌ನಲ್ಲೋ ತರೋದಾದರೆ ಕಾರ್ಡ್ ಬಿಚ್ಚಿಸಿ, ಅದರ ಡಬ್ಬದಲ್ಲೇ ಬೇರೆಯಾಗಿ ತನ್ನಿ. ಸಾದಾ ಮಾಡೆಲ್ ಆದರೂ ಅಷ್ಟೇ.