ಉದ್ರಿ, ಕಡ, ಸಾಲ, ಬಾಕಿ: ಅಂಗಡಿ ಆ್ಯಪಿನ ಬಟನ್ ಮೇಲೆ ಯಾವ ಪದ ಹಾಕೋಣ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ಬಗ್ಗೆ ನಿಮ್ಮನ್ನು ಕೇಳಬೇಕಿತ್ತು. ಪದ ಸಣ್ಣದೇ. ಆದರೆ ಅದರಿಂದ ಒಂದು ಕಿರಾಣಿ ಅಂಗಡಿಯಲ್ಲಿ ಅರ್ಧ ದಿನ ಹಾಳಾಯಿತು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಮಂಡ್ಯ ಕಡೆಯವನು. ಆರು ವರ್ಷದಿಂದ ಹುಬ್ಬಳ್ಳಿಯಲ್ಲಿದ್ದೇನೆ. ನಾವು ನಾಲ್ಕು ಜನ ಸೇರಿಕೊಂಡು ಸಣ್ಣ ಅಂಗಡಿಯವರಿಗೆ ಫೋನಿನಲ್ಲಿ ಲೆಕ್ಕ ಇಡುವುದು, ಬಿಲ್ ಮಾಡುವುದು, ಉದ್ಯಮ್ ನೋಂದಣಿ, ಜಿಎಸ್‌ಟಿ ಇಂಥದ್ದಕ್ಕೆಲ್ಲ ಸಹಾಯ ಮಾಡುತ್ತೇವೆ. ಕಿರಾಣಿ, ಟೇಲರ್, ಖಾನಾವಳಿ, ಮನೆಯಲ್ಲೇ ಖಡಕ್ ರೊಟ್ಟಿ ಮಾಡಿ ಮಾರುವವರು, ಹೀಗೆ. ಈ ಕೆಲಸಕ್ಕೆ ಸರ್ಕಾರಿ ಕಾಗದಗಳಲ್ಲಿ ‘ಉದ್ಯಮಿಗಳ ಸಬಲೀಕರಣ’ ಅನ್ನುತ್ತಾರೆ. ಅಂಗಡಿಯವರು ಅನ್ನುವುದು ‘ವ್ಯಾಪಾರ ಕುದುರಬೇಕು’ ಅಂತ. ‘ಕುದುರು’ ಬಗ್ಗೆಯೇ ಒಂದು ದಿನ ಬೇರೆ ಪತ್ರ ಬರೆಯಬೇಕು, ಎಂಥ ಒಳ್ಳೆಯ ಪದ ಅದು. ಇವತ್ತು ಬೇಡ.

ವಿಷಯ ಇದು. ದುರ್ಗದ ಬೈಲಿನ ಹತ್ತಿರ ಒಂದು ಓಣಿಯಲ್ಲಿ ಕಿರಾಣಿ ಅಂಗಡಿ. ನಡೆಸುವವರು ಐವತ್ತು ದಾಟಿದ ಒಬ್ಬ ಅಕ್ಕ. ಅವರದು ಕೆಂಪು ರಟ್ಟಿನ ಉದ್ದ ಪುಸ್ತಕ, ಅದಕ್ಕೊಂದು ದಾರ, ದಾರದ ತುದಿಗೆ ಪೆನ್ನು. ಗಿರಾಕಿಗೆ ಒಂದೊಂದು ಪುಟ. ಪುಟದ ತಲೆಯ ಮೇಲೆ ಹೆಸರು ಇರುವುದೇ ಕಡಿಮೆ. ‘ಟೇಲರ್ ಮನಿ’, ‘ಮ್ಯಾಲಿನ ಮನಿ ಟೀಚರ್’, ‘ಹಸಿರು ಆಟೋ’, ಹೀಗೆ. ಆ ಪುಸ್ತಕವನ್ನು ಒಂದು ಆ್ಯಪಿಗೆ ಏರಿಸಲು ಕೂತೆವು. ಆ್ಯಪಿನ ಹೆಸರು ಬೇಡ ಬಿಡಿ. ಕನ್ನಡದಲ್ಲೂ ಇದೆ ಅಂತಲೇ ಅದನ್ನು ಆರಿಸಿದ್ದೆವು.

ನಲವತ್ತು ಪುಟ ಮುಗಿಯುವ ಹೊತ್ತಿಗೆ ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ಬಂತು: ‘ನಿಮ್ಮ ಒಟ್ಟು ಸಾಲ 18,640 ರೂಪಾಯಿ’.

ಅಕ್ಕಾರು ಕನ್ನಡಕ ಸರಿ ಮಾಡಿಕೊಂಡು ಇನ್ನೊಮ್ಮೆ ಓದಿದರು. "ಯಾರ ಕಡೆ ಸಾಲ ಮಾಡೇನ್ರಿ ನಾ? ಮೊದಲ ತಗೀರಿ ಅದನ್ನ" ಅಂದರು. ಅಷ್ಟರಲ್ಲಿ ಮಗ ಬಂದ. ಫೋನಿನಲ್ಲಿ ಸಾಲ ಕೊಟ್ಟು ಆಮೇಲೆ ಮನೆಮಂದಿಗೆಲ್ಲ ಫೋನ್ ಮಾಡಿ ಮಾನ ತೆಗೆಯುವ ಆ್ಯಪುಗಳ ಸುದ್ದಿ ಅವನಿಗೆ ಗೊತ್ತಿತ್ತು. ನಾವು ಅವ್ವನ ಹೆಸರಲ್ಲಿ ಅಂಥದ್ದೇನೋ ಮಾಡಿಬಿಟ್ಟೆವು ಅಂದುಕೊಂಡ. ಅವನ ತಪ್ಪೇನೂ ಇಲ್ಲ. ಆ 18,640 ಅವರು ಕೊಡಬೇಕಾದ ದುಡ್ಡಲ್ಲ, ಅವರಿಗೆ ಬರಬೇಕಾದದ್ದು ಅಂತ ತಿಳಿಸಿ ಹೇಳುವಷ್ಟರಲ್ಲಿ ಮಧ್ಯಾಹ್ನ ಆಗಿತ್ತು. ಅಂಗಡಿ ಅರ್ಧ ಬಾಗಿಲು ಹಾಕಿಯೇ ಇತ್ತು.

ಮನೆಗೆ ಬಂದು ಆ್ಯಪನ್ನು ಇಂಗ್ಲಿಷಿಗೆ ತಿರುಗಿಸಿ ನೋಡಿದೆ. ಅಲ್ಲಿ ಇದ್ದದ್ದು ‘ಟೋಟಲ್ ಕ್ರೆಡಿಟ್’. ಯಾರೋ ನಿಘಂಟು ನೋಡಿ ಕ್ರೆಡಿಟ್ ಅಂದರೆ ಸಾಲ ಅಂತ ಹಾಕಿದ್ದಾರೆ. ನಿಘಂಟಿನ ಪ್ರಕಾರ ತಪ್ಪಿಲ್ಲ. ಅಂಗಡಿಯ ಪ್ರಕಾರ ಪೂರಾ ಉಲ್ಟಾ.

ಆವತ್ತಿನಿಂದ ಈ ಕ್ರೆಡಿಟ್ ಅನ್ನುವುದು ತಲೆಗೆ ಹತ್ತಿಕೊಂಡಿದೆ. ಒಂದೇ ಅಂಗಡಿಯ ಕಟ್ಟೆಯ ಮೇಲೆ ಅದು ಎಷ್ಟು ವೇಷ ಹಾಕುತ್ತದೆ ನೋಡಿ. ಬ್ಯಾಂಕಿನಿಂದ ಬರುವ ಮೆಸೇಜಿನಲ್ಲಿ ಕ್ರೆಡಿಟ್ ಅಂದರೆ ಜಮಾ, ದುಡ್ಡು ಒಳಗೆ ಬಂತು ಅಂತ. ಗಿರಾಕಿಗೆ ಕ್ರೆಡಿಟ್ ಅಂದರೆ ಉದ್ರಿ, ಮಾಲು ಹೊರಗೆ ಹೋಯಿತು, ದುಡ್ಡು ಬಂದಿಲ್ಲ ಅಂತ. ಕ್ರೆಡಿಟ್ ಕಾರ್ಡು ಮೂರನೆಯದು. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಬಹುದಾದ್ದರಿಂದ ಅದೂ ಅದೇ ಕ್ಯೂಆರ್ ಚೀಟಿಯೊಳಗಿಂದಲೇ ಬರುತ್ತದೆ. ಇನ್ನು ಜಿಎಸ್‌ಟಿ ಕಟ್ಟುವವರಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್, ಅಂದರೆ ಮಾಲು ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವುದು. ಕನ್ನಡದಲ್ಲಿ ಇವು ಮೊದಲಿನಿಂದಲೂ ಬೇರೆ ಬೇರೆ ಪದ. ಜಮಾ ಅಂದಾಗ ಉದ್ರಿ ಅಂತ ಯಾರೂ ತಿಳಿಯುವುದಿಲ್ಲ. ಇಂಗ್ಲಿಷಿನಲ್ಲಿ ಒಂದೇ ಪದ ಇದೆ ಅಂತ ನಾವು ನಮ್ಮ ನಾಲ್ಕನ್ನೂ ಒಂದು ಮಾಡಿಕೊಂಡರೆ ನಷ್ಟ ನಮಗೇ, ಅಲ್ವಾ?

ಈಗ ಒಂದೊಂದಾಗಿ ಬರುತ್ತೇನೆ.

‘ಸಾಲ’ಕ್ಕೆ ಬಡ್ಡಿಯ ವಾಸನೆ ಇದೆ. ಕಾಗದ ಇರುತ್ತದೆ, ಕಂತು ಇರುತ್ತದೆ, ಜಾಮೀನು ಇರುತ್ತದೆ. ಅರ್ಧ ಕೆಜಿ ಬೆಲ್ಲ ಬರೆಸಿಕೊಂಡು ಹೋದವನನ್ನು ಸಾಲಗಾರ ಅಂದರೆ ಅವನಿಗೆ ಸಿಟ್ಟು ಬಂದೀತು. ಸಾಲಗಾರ ಅನ್ನುವುದೂ ಒಂದು ಮಜಾ ಪದ. ಸಾಲ ಮಾಡಿದವನೂ ಸಾಲಗಾರ. ‘ಸಾಲಗಾರರ ಕಾಟ’ ಅಂದಾಗ ಮಾತ್ರ ಕೊಟ್ಟು ವಸೂಲಿಗೆ ಬಂದವರು. ಅಂದರೆ ಆ ಪದದಲ್ಲಿ ದುಡ್ಡು ಯಾವ ಕಡೆಯಿಂದ ಯಾವ ಕಡೆಗೆ ಹೋಯಿತು ಅನ್ನುವುದೇ ಇಲ್ಲ. ಅದನ್ನು ಹೇಳುವುದು ಕ್ರಿಯಾಪದ: ಸಾಲ ಕೊಟ್ಟೆ, ಸಾಲ ಇಸ್ಕೊಂಡೆ, ಸಾಲ ಮಾಡಿದೆ, ಸಾಲ ತೀರಿಸಿದೆ. ಆ್ಯಪಿನವರು ಜಾಗ ಸಾಲದು ಅಂತ ಕ್ರಿಯಾಪದವನ್ನು ಕತ್ತರಿಸಿ ಬರೀ ‘ಸಾಲ’ ಉಳಿಸಿದರು. ಅಕ್ಕಾರಿಗೆ ಆದ ಗಾಬರಿಯ ಮೂಲ ಇಷ್ಟೇ ಅಂತ ನನ್ನ ಅನಿಸಿಕೆ.

‘ಕಡ’ ನಮ್ಮ ಕಡೆಯ ಪದ ಅಂದುಕೊಂಡಿದ್ದೆ. "ಹೋಗು, ಪಕ್ಕದ ಮನೇಲಿ ಒಂದ್ ಲೋಟ ಸಕ್ಕರೆ ಕಡ ಇಸ್ಕೊಂಡ್ ಬಾ" ಅಂತ ನಮ್ಮಜ್ಜಿ ವಾರಕ್ಕೊಮ್ಮೆಯಾದರೂ ಓಡಿಸುತ್ತಿದ್ದರು. ಇಲ್ಲಿಗೆ ಬಂದ ಮೇಲೆ ಹುಬ್ಬಳ್ಳಿಯಲ್ಲೂ ಅದೇ ಪದ, ಅದೇ ಸಕ್ಕರೆ! ತಮಿಳಿನ ಕಡನ್, ಮಲಯಾಳದ ಕಡಂ ಇದರ ಅಣ್ಣತಮ್ಮಂದಿರು. ಆದರೆ ತಮಿಳಿನಲ್ಲಿ ಬ್ಯಾಂಕಿನ ಸಾಲಕ್ಕೂ ಕಡನ್ನೇ. ನಮ್ಮಲ್ಲಿ ಅದು ಸಕ್ಕರೆ, ಕಾಫಿಪುಡಿಯ ಮಟ್ಟಕ್ಕೆ ಇಳಿದು ಉಳಿದಿದೆ. ‘ಮನೆ ಕಡ’, ‘ಬೆಳೆ ಕಡ’ ಅಂತ ಯಾವ ಬ್ಯಾಂಕಿನ ಬೋರ್ಡಿನಲ್ಲೂ ನಾನು ನೋಡಿಲ್ಲ. ದುಡ್ಡಿನ ವಿಷಯದಲ್ಲಿ ಕಡ ಇನ್ನೂ ಗಟ್ಟಿಯಾಗಿರುವುದು ‘ಕೈಗಡ’ದಲ್ಲಿ. ಕೈ ಸೇರಿದಾಗ ಕಕಾರ ಗಕಾರವಾಗಿ ಆದೇಶ ಸಂಧಿ ಆಗಿದೆ. ಕಾಗದವಿಲ್ಲ, ಬಡ್ಡಿಯಿಲ್ಲ, ನಾಲ್ಕು ದಿನದಲ್ಲಿ ವಾಪಸ್. ‘ಎರವಲು’ ಇನ್ನೂ ಬೇರೆ. ಅದರಲ್ಲಿ ತಂದ ವಸ್ತುವನ್ನೇ ತಿರುಗಿ ಕೊಡಬೇಕು. ಕೊಡೆ ಎರವಲು ತರಬಹುದು, ಸಕ್ಕರೆ ಎರವಲು ತಂದರೆ ಅದನ್ನೇ ಹೇಗೆ ವಾಪಸ್ ಕೊಡುವುದು?

‘ಉದ್ರಿ’ ಹಿಂದಿ, ಮರಾಠಿಯ ಉಧಾರ್, ಉಧಾರಿಯಿಂದ ಬಂದದ್ದು. ಅದರ ಹಿಂದೆ ಸಂಸ್ಕೃತದ ಉದ್ಧಾರ. (ಉದ್ರಿ ಕೊಟ್ಟು ಉದ್ಧಾರ ಆದ ಅಂಗಡಿಯವನನ್ನು ನಾನಂತೂ ಕಂಡಿಲ್ಲ.) ಉದ್ರಿಯ ಗುಣ ಏನೆಂದರೆ ಅದು ಅಂಗಡಿಯಲ್ಲಿ ಮಾತ್ರ ಹುಟ್ಟುತ್ತದೆ. ಮಾಲು ಕೊಟ್ಟು ದುಡ್ಡು ಆಮೇಲೆ. ಅಣ್ಣ ತಮ್ಮನಿಗೆ ಸಾವಿರ ರೂಪಾಯಿ ಕೊಟ್ಟರೆ ಅದು ಉದ್ರಿ ಆಗುವುದಿಲ್ಲ, ಕೈಗಡ ಆಗುತ್ತದೆ. ‘ಬಾಕಿ’ ಅರಬಿ ಮೂಲದ್ದು, ಉಳಿದದ್ದು ಅಂತ ಅರ್ಥ. ಉದ್ರಿಯಲ್ಲಿ ಸ್ವಲ್ಪ ತೀರಿಸಿದ ಮೇಲೆ ಉಳಿಯುವುದು ಬಾಕಿ.

ಇದೆಲ್ಲ ಸುಮ್ನೆ ಪದದ ಚಪಲ ಅಂತ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಬಂದ ಗಲಾಟೆ ನಿಮಗೆ ನೆನಪಿರಬೇಕು. ಬೆಂಗಳೂರಿನ ಎಷ್ಟೋ ಅಂಗಡಿಗಳ ಮುಂದೆ ಯುಪಿಐ ಇಲ್ಲ, ನಗದು ಮಾತ್ರ ಅಂತ ಚೀಟಿ ಬಿತ್ತು. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ, ಸೇವೆ ಕೊಡುವವರದು 20 ಲಕ್ಷ ದಾಟಿದರೆ ನೋಂದಣಿ ಆಗಬೇಕು. ಕೈಗಡ ಕೊಟ್ಟಿದ್ದ ದುಡ್ಡು ಅದೇ ಕ್ಯೂಆರ್ ಮೂಲಕ ವಾಪಸ್ ಬಂದರೆ ಬ್ಯಾಂಕಿನ ಪಟ್ಟಿಯಲ್ಲಿ ಅದಕ್ಕೂ ಮಾರಾಟದ ದುಡ್ಡಿಗೂ ವ್ಯತ್ಯಾಸ ಕಾಣುವುದಿಲ್ಲ. ಎರಡೂ ‘ಕ್ರೆಡಿಟ್’. ಉದ್ರಿ ವಸೂಲಿ ಯಾವುದು, ಕೈಗಡ ತಿರುಗಿ ಬಂದದ್ದು ಯಾವುದು ಅಂತ ಬೇರೆ ಬೇರೆ ಬರೆದಿಟ್ಟವರಿಗೆ ಉತ್ತರ ಕೊಡಲು ಏನಾದರೂ ಇರುತ್ತದೆ. ಅಕ್ಕಾರ ಕೆಂಪು ಪುಸ್ತಕದಲ್ಲಿ ಕೈಗಡಕ್ಕೆ ಹಿಂದಿನ ನಾಲ್ಕು ಪುಟ ಮೊದಲಿನಿಂದಲೇ ಬೇರೆ ಇದೆ. ಆ್ಯಪಿನಲ್ಲಿ ಅದಕ್ಕೆ ಜಾಗವೇ ಇಲ್ಲ.

ಕ್ರೆಡಿಟ್ಟಿಗೆ ಕನ್ನಡದಲ್ಲಿ ಇನ್ನೊಂದು ಪದ ಇದೆ, ಈ ನಡುವೆ ಬೋರ್ಡುಗಳ ಮೇಲೆ ಮಾತ್ರ ಕಾಣುತ್ತದೆ: ‘ಪತ್ತು’. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ. ಇದು ಮರಾಠಿಯ ಪತ್, ನಂಬಿಕೆ, ಮಾತಿಗಿರುವ ಬೆಲೆ. ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು 1905ರಲ್ಲಿ. ಬಡ್ಡಿ ವ್ಯಾಪಾರಿಯ ಹತ್ತಿರ ಹೋಗದೆ ಊರವರೇ ಊರವರನ್ನು ನಂಬಿ ದುಡ್ಡು ಕೊಡುವುದು ಅದರ ಲೆಕ್ಕಾಚಾರ. ಯಾರಿಗೆ ಎಷ್ಟು ಪತ್ತು ಅನ್ನುವುದು ಊರಿಗೆ ಗೊತ್ತಿರುತ್ತದೆ. ಅಕ್ಕಾರಿಗೂ ಗೊತ್ತು. ಏಳನೇ ತಾರೀಕಿಗೆ ಸಂಬಳ ಆಗುವವರ ಪುಟದ ಮೂಲೆ ಮಡಚಿರುತ್ತಾರೆ. ಕೊಡಲಾರದವರ ಎರಡು ಪುಟಗಳನ್ನು ಸೇರಿಸಿ ಪಿನ್ ಹೊಡೆದಿದ್ದಾರೆ, ತೆಗೆದು ನೋಡುವುದೂ ಇಲ್ಲ, ಕೇಳುವುದೂ ಇಲ್ಲ. ಈ ಮಡಿಕೆ, ಈ ಪಿನ್ನು ಆ್ಯಪಿಗೆ ಹೇಗೆ ಏರಿಸುವುದು ಅಂತ ನಮಗೆ ಇನ್ನೂ ಹೊಳೆದಿಲ್ಲ.

ಅದು ಹೊಳೆಯದೆ ಇನ್ನೊಂದು ಎಡವಟ್ಟಾಯಿತು. ಆ್ಯಪು ತಾನಾಗಿಯೇ ಎಲ್ಲರಿಗೂ ವಾಟ್ಸಾಪ್ ಕಳಿಸಿತು: ‘ನಿಮ್ಮ ಸಾಲದ ಮೊತ್ತವನ್ನು ಕೂಡಲೇ ಪಾವತಿಸಿ’. ಮೇಲಿನ ಮನೆ ಟೀಚರ್ ಬಂದು 740 ರೂಪಾಯಿ ಕಟ್ಟೆಯ ಮೇಲಿಟ್ಟು, ಮಾತಾಡದೆ ಹೋದರು. ಹತ್ತು ದಿನ ಅಂಗಡಿ ಕಡೆ ತಲೆ ಹಾಕಲಿಲ್ಲ. ನೀವು ಹೇಗೆ ಕೇಳುತ್ತಿದ್ದಿರಿ ಅಂತ ಅಕ್ಕಾರನ್ನು ಕೇಳಿದೆ. ಕೇಳುವುದೇ ಇಲ್ಲವಂತೆ. ಟೀಚರ್ ಮನೆಯ ಹುಡುಗ ಬಿಸ್ಕತ್ತಿಗೆ ಬಂದಾಗ "ಪುಸ್ತಕ ತುಂಬೇತಿ ಅಂತ ಅವ್ವಗ ಹೇಳು" ಅನ್ನುತ್ತಾರೆ, ಅಷ್ಟೇ. ಸಂಜೆಯೊಳಗೆ ದುಡ್ಡು ಬರುತ್ತದೆ.

ಬೋರ್ಡಿನ ಭಾಷೆಯೂ ಹೀಗೇ. ‘ಇಂದು ನಗದು ನಾಳೆ ಉದ್ರಿ’ ಎಷ್ಟು ಹಳೆಯದೋ. ತೆಲುಗರು ಎರಡೇ ಪದದಲ್ಲಿ ಮುಗಿಸುತ್ತಾರೆ, ‘ಅಪ್ಪು ರೇಪು’. ತಮಿಳು ಅಂಗಡಿಗಳಲ್ಲಿ ‘ಕಡನ್ ಅನ್ಬೈ ಮುರಿಕ್ಕುಂ’, ಕಡ ಪ್ರೀತಿಯನ್ನು ಮುರಿಯುತ್ತದೆ ಅಂತ. ನಮ್ಮ ಬೋರ್ಡು ನೋಡಿದಾಗಲೆಲ್ಲ ನನಗೆ ತೊಂಬತ್ತರ ದಶಕದಲ್ಲಿ ಬಾಗಿಲ ಮೇಲೆ ಬರೆಯುತ್ತಿದ್ದ ‘ನಾಳೆ ಬಾ’ ನೆನಪಾಗುತ್ತದೆ. ದೆವ್ವಕ್ಕೂ ಉದ್ರಿ ಗಿರಾಕಿಗೂ ಒಂದೇ ಉತ್ತರ!

ಇರಲಿ. ಪದ ಬದಲಿಸಿ ಅಂತ ಆ ಆ್ಯಪಿನವರಿಗೆ ಬರೆದಿದ್ದೆವು. ನೀವೇ ಪಟ್ಟಿ ಕಳಿಸಿ ನೋಡೋಣ ಅಂದಿದ್ದಾರೆ. ನಾನು ಸದ್ಯಕ್ಕೆ ಹೀಗೆ ಯೋಚಿಸಿದ್ದೇನೆ. ಮಾಲು ಕೊಟ್ಟಾಗ ಒತ್ತುವ ಬಟನ್ನಿಗೆ ‘ಉದ್ರಿ ಕೊಟ್ಟೆ’. ದುಡ್ಡು ಬಂದಾಗ ‘ದುಡ್ಡು ಬಂತು’. ಇಲ್ಲಿನವರು ರೊಕ್ಕ ಅನ್ನುತ್ತಾರೆ, ಆದರೆ ಮಂಡ್ಯದಲ್ಲಿ ರೊಕ್ಕ ಅಂದರೆ ನಾಟಕದ ಮಾತು ಅನ್ನಿಸುತ್ತದೆ. ಮೇಲಿನ ಒಟ್ಟು ಮೊತ್ತಕ್ಕೆ ‘ಬರಬೇಕಾದದ್ದು’, ಸಗಟು ವ್ಯಾಪಾರಿಗೆ ಅಂಗಡಿಯವರೇ ಕೊಡಬೇಕಾದ ದುಡ್ಡಿಗೆ ‘ಕೊಡಬೇಕಾದದ್ದು’. ಬರೋದೆಷ್ಟು, ಕೊಡೋದೆಷ್ಟು ಅಂತ ತಾನೇ ಎಲ್ಲ ಕಡೆ ಲೆಕ್ಕ ಹಾಕುವುದು. ಕಿರ್ದಿ (ದಿನದ ಲೆಕ್ಕದ ಪುಸ್ತಕ), ಶಿಲ್ಕು (ಕೈಯಲ್ಲಿ ಉಳಿದ ಹಣ) ಸೇರಿಸಬೇಕು ಅಂತ ನಮ್ಮಲ್ಲೊಬ್ಬರ ಹಟ. ಸೊಸೈಟಿ ಲೆಕ್ಕ ಬರೆದವರಿಗೆ ಅವು ಗೊತ್ತು. ಮೂವತ್ತರ ಒಳಗಿನವರಿಗೆ ಕಿರ್ದಿ ಅಂದರೆ ಏನು ಅಂತ ಕೇಳಿ ನೋಡಿದೆ, ಐದು ಜನರಲ್ಲಿ ಒಬ್ಬರೂ ಹೇಳಲಿಲ್ಲ. ಸರಕಿಗೆ ‘ದಾಸ್ತಾನು’ ಹಾಕಿದರೆ ರೇಷನ್ ಅಂಗಡಿ ನೆನಪಾಗುತ್ತದಂತೆ. ಅದಕ್ಕೆ ‘ಸ್ಟಾಕ್’ ಸಾಕು, ಅದರಲ್ಲಿ ಯಾರಿಗೂ ಗೊಂದಲವಿಲ್ಲ.

ನಿಮ್ಮಿಂದ ತಿಳಿಯಬೇಕಾದದ್ದು: ನಿಮ್ಮೂರಿನ ಅಂಗಡಿಯಲ್ಲಿ ದುಡ್ಡು ಆಮೇಲೆ ಕೊಡುತ್ತೇನೆ ಅನ್ನುವಾಗ ಏನನ್ನುತ್ತಾರೆ? ನಮ್ಮ ಕಡೆ ‘ಲೆಕ್ಕಕ್ಕೆ ಬರ್ಕೊಳಿ’, ಇಲ್ಲಿ ‘ನಮ್ಮ ಹೆಸರಿಗೆ ಬರ್ಕೋರಿ’. ಬೀದರ್, ಕೋಲಾರ, ಚಾಮರಾಜನಗರ, ಕರಾವಳಿ ಕಡೆಯವರು ದಯವಿಟ್ಟು ಹೇಳಿ. ಉದ್ರಿ ಅನ್ನುವ ಪದ ಅಲ್ಲೆಲ್ಲ ಬಾಯಲ್ಲಿ ಇದೆಯೋ, ಬರೀ ಬೋರ್ಡಿನ ಮೇಲೆ ಇದೆಯೋ? ಕಡ ಅಂದರೆ ಅಂಗಡಿ ಲೆಕ್ಕಕ್ಕೂ ನಡೆಯುತ್ತದೆಯೋ, ಸಕ್ಕರೆಗೆ ಮಾತ್ರವೋ? ಇನ್ನು ಆ ವಾಟ್ಸಾಪ್ ಮೆಸೇಜು. ‘ಪಾವತಿಸಿ’ ಅನ್ನದೆ, ಕೇಳಿಯೂ ಕೇಳದ ಹಾಗೆ ಇರುವ ಒಂದು ಸಾಲು ಯಾರಿಗಾದರೂ ಹೊಳೆದರೆ ಬರೆಯಿರಿ. ‘ಪುಸ್ತಕ ತುಂಬಿದೆ’ ಅಂತಲೇ ಹಾಕೋಣ ಅಂದೆ. ಪುಸ್ತಕವೇ ಇಲ್ಲದ ಮೇಲೆ ತುಂಬುವುದು ಏನು ಅಂತ ಆ್ಯಪಿನ ಹುಡುಗ ನಕ್ಕ.

ಪಟ್ಟಿ ಕಳಿಸಲು ಮುಂದಿನ ಶನಿವಾರದವರೆಗೆ ಸಮಯವಿದೆ. ಅಲ್ಲಿಯವರೆಗೆ ಅಕ್ಕಾರು ಆ್ಯಪಿನಲ್ಲೂ ಬರೆಯುತ್ತಿದ್ದಾರೆ, ಕೆಂಪು ಪುಸ್ತಕದಲ್ಲೂ ಬರೆಯುತ್ತಿದ್ದಾರೆ.