‘ನನ್ನ ಚೀಲ ಮಂಚದ ಕೆಳಗಿದೆ’ ಎಂದು ಸ್ಪ್ಯಾನಿಷ್‌ನಲ್ಲಿ ಹೇಳುವುದು ಹೇಗೆ?

ಪ್ರಶ್ನೆ (ಸಪ್ತಾಪುರ, ಧಾರವಾಡ)

ಬರುವ ತಿಂಗಳು ತಾಯಿಯವರನ್ನು ಕರೆದುಕೊಂಡು ಮ್ಯಾಡ್ರಿಡ್‌ಗೆ ಹೋಗುವವಳಿದ್ದೇನೆ. ಅವರು ಕನ್ನಡಕವನ್ನು ಒಂದು ಕಡೆ, ಗುಳಿಗೆಯ ಡಬ್ಬಿಯನ್ನು ಇನ್ನೊಂದು ಕಡೆ ಇಟ್ಟು ಮರೆಯುವವರು. ಆದ್ದರಿಂದ ಹೋಟೆಲಿನವರಿಗೆ ಫೋನ್ ಮಾಡಿ ‘ಇಂಥ ವಸ್ತು ಇಂಥಲ್ಲಿದೆ, ದಯವಿಟ್ಟು ನೋಡಿ’ ಎಂದು ಹೇಳುವಷ್ಟಾದರೂ ಸ್ಪ್ಯಾನಿಷ್ ನನಗೆ ಬೇಕಾಗಿದೆ. ಮೊಬೈಲಿನಲ್ಲಿ ಕಲಿಯುತ್ತಿದ್ದೇನೆ, ಆದರೆ ‘ಇದೆ’ ಎಂಬುದಕ್ಕೆ ‘ಎಸ್’, ‘ಎಸ್ತಾ’, ‘ಆಯ್’ ಎಂದು ಮೂರು ರೂಪಗಳು ಎದುರಾಗುತ್ತಿವೆ. ಯಾವುದನ್ನು ಎಲ್ಲಿ ಬಳಸಬೇಕು?

ಉತ್ತರ (ಸಾಧನಕೇರಿ, ಧಾರವಾಡ)

ವಸ್ತು ಎಲ್ಲಿದೆ ಎಂದು ಹೇಳುವಾಗ ‘ಎಸ್’ ಬೇಡ. ಅದು ವಸ್ತು ಎಂಥದು, ಯಾರದು ಎಂದು ಹೇಳುವುದಕ್ಕೆ. ‘ಮಿ ಮಲೇತಾ ಎಸ್ ರೋಹಾ’ ಎಂದರೆ ನನ್ನ ಸೂಟ್‌ಕೇಸ್ ಕೆಂಪು; ‘ಮಿ ಮಲೇತಾ ಎಸ್ತಾ ಆಕೀ’ ಎಂದರೆ ನನ್ನ ಸೂಟ್‌ಕೇಸ್ ಇಲ್ಲಿದೆ. ವಸ್ತುಗಳು ಹಲವಾದರೆ ‘ಎಸ್ತಾನ್’ ಆಗುತ್ತದೆ, ನಮ್ಮಲ್ಲಿ ‘ಚೀಲ ಐತಿ’, ‘ಚೀಲ ಅದಾವ’ ಎನ್ನುವ ಹಾಗೆಯೇ. ‘ಆಯ್’ ಬರುವುದು ಯಾವುದೋ ಒಂದು ವಸ್ತು ಇದೆ ಎನ್ನುವಾಗ: ‘ಆಯ್ ಉನಾ ಮಲೇತಾ ಎನ್ ಎಲ್ ತಾಕ್ಸಿ’, ಟ್ಯಾಕ್ಸಿಯಲ್ಲೊಂದು ಸೂಟ್‌ಕೇಸ್ ಇದೆ. ಅದು ಬಹುವಚನದಲ್ಲೂ ಬದಲಾಗುವುದಿಲ್ಲ.

ಇನ್ನು ಮೇಲೆ, ಕೆಳಗೆ, ಒಳಗೆ ಎಂಬ ಮಾತುಗಳು ಕನ್ನಡಿಗರಿಗೆ ಕಷ್ಟವಾಗಬಾರದು. ‘ಮಂಚದ ಕೆಳಗೆ’ ಎನ್ನುವಾಗ ನಾವು ಷಷ್ಠೀ ವಿಭಕ್ತಿ ಹಚ್ಚುತ್ತೇವಲ್ಲ, ಆ ಕೆಲಸವನ್ನು ಅಲ್ಲಿ ‘ದೆ’ ಮಾಡುತ್ತದೆ. ಪದಗಳ ಸಾಲು ಮಾತ್ರ ತಿರುವುಮುರುವು. ‘ದೆಬಾಹೊ ದೆ ಲಾ ಕಾಮಾ’ ಎಂಬಲ್ಲಿ ಮೊದಲು ಕೆಳಗೆ, ಕಡೆಗೆ ಮಂಚ. ಮೇಜಿನ ಮೇಲೆ ಎನ್ನಲು ‘ಎನ್ಸಿಮಾ ದೆ ಲಾ ಮೇಸಾ’, ಅಲಮಾರಿನ ಒಳಗೆ ಎನ್ನಲು ‘ದೆಂತ್ರೊ ದೆಲ್ ಅರ್ಮಾರಿಯೊ’. ‘ದೆ’ ಮುಂದೆ ‘ಎಲ್’ ಬಂದರೆ ‘ದೆಲ್’ ಆಗಲೇಬೇಕು, ಅದನ್ನು ಲೋಪಸಂಧಿ ಎಂದೇ ತಿಳಿದುಕೊಳ್ಳಿ. (ನಮ್ಮ ಅಲಮಾರು ಪೋರ್ಚುಗೀಸರಿಂದ ಬಂದದ್ದು, ಅಂದರೆ ಅರ್ಮಾರಿಯೊದ ಹತ್ತಿರದ ನಂಟು.)

ಉಚ್ಚಾರಣೆಯಲ್ಲಿ ಒಂದು ಎಚ್ಚರಿಕೆ ಬೇಕು. ‘ಎಸ್ತಾ’ದ ಒತ್ತು ಕೊನೆಯ ಅಕ್ಷರದ ಮೇಲಿರಬೇಕು, ಮೊದಲಕ್ಷರವನ್ನು ಒತ್ತಿದರೆ ಅದು ‘ಈ’ ಎಂಬ ಬೇರೆಯೇ ಪದವಾಗುತ್ತದೆ. ತ, ದಗಳು ಮಾತ್ರ ನಮ್ಮವೇ, ಟ, ಡ ಮಾಡಬೇಡಿ.

ಉತ್ತರ (ಗೋಕುಲ ರಸ್ತೆ, ಹುಬ್ಬಳ್ಳಿ)

ಮೇಲಿನವರು ಹೇಳಿದ ವ್ಯಾಕರಣ ಸರಿಯಾಗಿದೆ, ಆದರೆ ಪದಗಳು ದೇಶಕ್ಕೊಂದಿವೆ. ಕೆಲಸದ ಮೇಲೆ ಮೆಕ್ಸಿಕೋದಲ್ಲಿದ್ದಾಗ ಲ್ಯಾಪ್‌ಟಾಪಿನ ಚೀಲವನ್ನು ಟ್ಯಾಕ್ಸಿಯ ಡಿಕ್ಕಿಯಲ್ಲಿ ಬಿಟ್ಟಿಳಿದೆ. ಫೋನಿನಲ್ಲಿ ‘ಮಿ ಮೊಚಿಲಾ ಎಸ್ತಾ ಎನ್ ಎಲ್ ಮಲೇತೇರೊ’ ಎಂದು ನಾಲ್ಕು ಸಲ ಹೇಳಿದರೂ ಚಾಲಕರು ಯಾವ ಹಮಾಲರ ಮಾತು ಇದು ಎಂದು ಕೇಳುತ್ತಲೇ ಇದ್ದರು. ಆ ಪದ ಸ್ಪೇನಿನಲ್ಲಿ ಡಿಕ್ಕಿ. ಮೆಕ್ಸಿಕೋದಲ್ಲಿ ಡಿಕ್ಕಿಗೆ ‘ಕಾಹ್ವೇಲಾ’ ಎನ್ನಬೇಕು. ನೀವು ಮ್ಯಾಡ್ರಿಡ್‌ಗೆ ಹೋಗುತ್ತಿರುವುದರಿಂದ ಮಲೇತೇರೊ ಸಾಕು.

ಫೋನಿನಲ್ಲಿ ಹೆಚ್ಚು ಬೇಕಾಗುವುದು ‘ಆಯೀ’. ‘ಆಕೀ’ ನನ್ನ ಹತ್ತಿರ, ‘ಆಯೀ’ ನಿಮ್ಮ ಹತ್ತಿರ, ‘ಅಯ್ಯೀ’ ಇಬ್ಬರಿಗೂ ದೂರ. ಹಳಗನ್ನಡದಲ್ಲಿ ಇವಂ, ಅವಂ ನಡುವೆ ಉವಂ ಎಂದಿತ್ತಲ್ಲ, ಅಂಥದೇ ಮೂರು ಮೆಟ್ಟಿಲು. ವಸ್ತು ಹೋಟೆಲಿನವರ ಬಳಿಯಿದ್ದರೆ ‘ಎಸ್ತಾ ಆಯೀ?’ ಎಂದು ಕೇಳಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಅಮ್ಮನ ಕನ್ನಡಕ ಮೇಜಿನ ಖಾನೆಯೊಳಗಿದೆ ಎನ್ನಲು ಹೀಗೆ ಬರೆದಿದ್ದೇನೆ, ನೋಡಿ: ‘ಲಾಸ್ ಗಾಫಾಸ್ ದೆ ಮಿ ಮಾದ್ರೆ ಎಸ್ತಾ ದೆಂತ್ರೊ ದೆ ಎಲ್ ಕಹೋನ್.’

ಉತ್ತರ (ಸಾಧನಕೇರಿ, ಧಾರವಾಡ)

ಎರಡು ತಿದ್ದುಪಡಿಗಳಿವೆ. ಕನ್ನಡಕ ನಮಗೆ ಒಂದೇ, ಅವರಿಗೆ ‘ಗಾಫಾಸ್’ ಬಹುವಚನ. ಆದ್ದರಿಂದ ‘ಎಸ್ತಾನ್’ ಆಗಬೇಕು. ಎರಡನೆಯದು ಆ ಲೋಪಸಂಧಿ: ‘ದೆಂತ್ರೊ ದೆಲ್ ಕಹೋನ್.’