ಎಂಜಿನ್ "ಕೂಡಿಸುವುದು": ನಿಮ್ಮ ಕಡೆ ಇದಕ್ಕೆ ಏನಂತಾರೆ?

ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ನನ್ನ ತಮ್ಮನ ಗ್ಯಾರೇಜ್ ಇದೆ. ಹಳೆ ಜೀಪುಗಳ ಕೆಲಸವೇ ಅಲ್ಲಿ ಜಾಸ್ತಿ. ಹೋದ ವಾರ ಹೊಸ ಬೋರ್ಡ್ ಬರೆಸೋಣ ಅಂತ ಹೊರಟ. "ಅಕ್ಕಾ, ನೀ ಕನ್ನಡ ಕಲಸಾಕಿ, ಒಂದು ಸಾಲು ಬರದ ಕೊಡು" ಅಂದ. ನಾನು ಬರೆದ ಸಾಲು ಇದು: "ಹಳೆ ಜೀಪುಗಳಿಗೆ ಡೀಸೆಲ್ ಎಂಜಿನ್ ಕೂಡಿಸಿ ಕೊಡಲಾಗುವುದು." ಅದೇ ಹೊತ್ತಿಗೆ ತುಮಕೂರಿನ ಗಿರಾಕಿಯೊಬ್ಬರು ಅಲ್ಲಿದ್ದರು. ಸಾಲು ಓದಿ, "ಇರೋ ಎಂಜಿನ್ ಜೊತೆಗೆ ಇನ್ನೊಂದು ಸೇರಿಸ್ತೀರಾ?" ಅಂತ ಕೇಳಿದರು. ನಿಜವಾಗಿ ಅರ್ಥವಾಗದೆ ಕೇಳಿದ ಮಾತು ಅದು. ಅವರ ಕಡೆ ಕೂಡಿಸುವುದು ಅಂದರೆ ಲೆಕ್ಕ ಕೂಡಿಸುವುದು. ಪೇಂಟರನಿಗೆ ಸ್ವಲ್ಪ ತಡೆಯಲು ಹೇಳಿದ್ದೇವೆ.

ನಮ್ಮ ಕಡೆ ಈ ಮಾತಿಗೆ ಎರಡು ಅರ್ಥ. ಮನೆಗೆ ಬಂದವರಿಗೆ "ಕೂಡ್ರಿ" ಅನ್ನುತ್ತೇವೆ. ಗಣಪತಿಯನ್ನು ಕೂಡಿಸುತ್ತೇವೆ. ಬಾವಿಗೆ ಪಂಪು ಕೂಡಿಸುತ್ತೇವೆ. ಮೈಸೂರು, ತುಮಕೂರಿನ ಕಡೆ ಇದನ್ನೇ ಕೂರಿಸುವುದು ಅನ್ನುತ್ತಾರೆ, ಅಲ್ವಾ? ಅದರ ಜೊತೆಗೆ ಸೇರಿಸು ಅನ್ನುವ ಅರ್ಥವೂ ನಮ್ಮಲ್ಲಿ ಇದ್ದೇ ಇದೆ. ನಾವೂ ಲೆಕ್ಕ ಕೂಡಿಸುತ್ತೇವೆ, ಹಣ ಕೂಡಿಸುತ್ತೇವೆ.

ಹಾಗಾದರೆ "ಬದಲಾಯಿಸಿ ಕೊಡಲಾಗುವುದು" ಅಂತ ಬರೆದರಾಯಿತಲ್ಲ ಅಂತ ತಮ್ಮನಿಗೆ ಹೇಳಿದೆ. ಅವನು ಒಪ್ಪಲಿಲ್ಲ. ಅವನ ಗ್ಯಾರೇಜಿನಲ್ಲಿ ಎರಡು ದಿನ ಕೂತು ಹುಡುಗರ ಮಾತು ಕೇಳಿದ ಮೇಲೆ ಅವನು ಹೇಳಿದ್ದೇ ಸರಿ ಅನ್ನಿಸಿತು. ಕ್ಲಚ್ ಪ್ಲೇಟ್ ಸವೆದರೆ ಅವರು "ಬದಲಿ ಮಾಡು" ಅನ್ನುತ್ತಾರೆ. ಕ್ರೌನ್ ಪಿನಿಯನ್ ಹಲ್ಲು ಹೋದರೂ ಬದಲಿ. ಹಳೆಯದು ಇದ್ದ ಜಾಗಕ್ಕೆ ಅಂಥದ್ದೇ ಇನ್ನೊಂದು ಬರುತ್ತದೆ. ಜಾಗ ಮೊದಲೇ ಇದೆ. ಆದರೆ ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ತಂದಾಗ ಯಾರ ಬಾಯಲ್ಲೂ ಬದಲಿ ಅನ್ನುವ ಮಾತು ಬರಲಿಲ್ಲ. "ಡೀಸೆಲ್ ಕೂಡಸಾಕತ್ತೀವಿ" ಅಂದರು. ಯಾಕಂದರೆ ಹೊಸ ಎಂಜಿನ್ನಿಗೆ ಅಲ್ಲಿ ಜಾಗವೇ ಇರುವುದಿಲ್ಲ. ಅದನ್ನು ಹೊಸದಾಗಿ ಮಾಡಬೇಕು.

ಆಗ ಅಲ್ಲಿ ನಿಂತಿದ್ದು ಸಿಜೆ-3ಬಿ. ಬಾನೆಟ್ ಎತ್ತರ ಇರುವ ಆ ಹಳೆ ಜೀಪು. ಅದರ ಮೂಲ ಎಂಜಿನ್ ವಿಲ್ಲೀಸ್‌ನ ಹರಿಕೇನ್, 4 ಸಿಲಿಂಡರ್, 2199 ಸಿಸಿ, ಪೆಟ್ರೋಲ್. ಆ ಎಂಜಿನ್ ಎತ್ತರ ಅಂತಲೇ ಬಾನೆಟ್ಟನ್ನೂ ಎತ್ತರ ಮಾಡಿದ್ದರು. ಈಗ ಅಲ್ಲಿಗೆ ಬರುತ್ತಿರುವುದು ಪೂಜೋ ಡೀಸೆಲ್, ಎಕ್ಸ್‌ಡಿಪಿ 4.90, 2112 ಸಿಸಿ. ಮಹೀಂದ್ರಾ ತನ್ನ ಮುಂದಿನ ಜೀಪುಗಳಲ್ಲಿ ಬಳಸಿದ್ದೇ ಈ ಎಂಜಿನ್. ಸಿಸಿ ಲೆಕ್ಕದಲ್ಲಿ ಎರಡೂ ಹತ್ತಿರ ಹತ್ತಿರ. ಗುಣ ಮಾತ್ರ ಬೇರೆ. ಪೆಟ್ರೋಲಿನದು ಒಳಗಿನ ಗಾಳಿಯನ್ನು ಸುಮಾರು 7 ಪಟ್ಟು ಒತ್ತುತ್ತದೆ, ಆಮೇಲೆ ಪ್ಲಗ್ಗು ಕಿಡಿ ಕೊಡುತ್ತದೆ. ಡೀಸೆಲ್ಲಿನದು 20 ಪಟ್ಟಿಗೂ ಜಾಸ್ತಿ ಒತ್ತುತ್ತದೆ. ಕಿಡಿ ಬೇಕಿಲ್ಲ, ಒತ್ತಿದ ಗಾಳಿಯ ಕಾವಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಅದಕ್ಕೇ ಅದರ ಬಡಿತ ಗಟ್ಟಿ, ನಡುಕವೂ ಗಟ್ಟಿ.

ಈ ನಡುಕ ತಡೆಯುವುದು ಫೌಂಡೇಶನ್. ಚಾಸಿಯ ಮೇಲೆ ಎಂಜಿನ್ ಹೊರುವ ಬ್ರಾಕೆಟ್ಟು, ರಬ್ಬರು ಎಲ್ಲ ಸೇರಿ ಈ ಹೆಸರು. ಮನೆ ಕಟ್ಟುವವರ ಮಾತು ಗ್ಯಾರೇಜಿಗೂ ಬಂದಿದೆ, ನನಗೆ ಅದು ಬಹಳ ಹಿಡಿಸಿತು. ಹಳೆ ಫೌಂಡೇಶನ್ ಕತ್ತರಿಸಿ ಹೊಸದನ್ನು ವೆಲ್ಡ್ ಮಾಡುತ್ತಾರೆ. ನಾಲ್ಕೂ ಗಾಲಿ ಎಳೆಯುವ ಗಾಡಿಯಲ್ಲಿ ಇನ್ನೊಂದು ತೊಡಕು. ಮುಂದಿನ ಆಕ್ಸಲ್ಲಿಗೂ ಶಾಫ್ಟ್ ಹೋಗುತ್ತದೆ, ಎಂಜಿನ್ ಕೆಳಗೆ ಜಾಗ ಕಡಿಮೆ. ತಗ್ಗಿನಲ್ಲಿ ಪಾಟಾ, ಅಂದರೆ ಪಟ್ಟಿ ಸ್ಪ್ರಿಂಗು, ಒತ್ತಿಕೊಂಡಾಗ ಆಕ್ಸಲ್ ಮೇಲೆದ್ದು ಚೇಂಬರಿಗೆ ಬಡಿಯಬಾರದು. ಚೇಂಬರ್ ಅಂದರೆ ಎಂಜಿನ್ ಎಣ್ಣೆ ನಿಲ್ಲುವ ತಳದ ಪಾತ್ರೆ. ಇದೂ ಪದಕೋಶದಲ್ಲಿ ಬರಬೇಕಾದ ಮಾತು.

ಇದಾದ ಮೇಲೆ ಗೇರ್‌ಬಾಕ್ಸ್. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಬೋಲ್ಟಿನ ತೂತು ತಾಳೆಯಾಗದಿದ್ದರೆ ನಡುವೆ ಒಂದು ದಪ್ಪ ಪ್ಲೇಟು ಮಾಡಿಸಬೇಕು. ಗೇರ್‌ಬಾಕ್ಸಿನ ಶಾಫ್ಟಿನ ತುದಿ ಎಂಜಿನ್ ಹಿಂದಿನ ಪೈಲಟ್ ಬೇರಿಂಗಿನಲ್ಲಿ ನೆಟ್ಟಗೆ ಹೋಗಬೇಕು. ಕೂದಲೆಳೆಯಷ್ಟು ಓರೆಯಾದರೂ ಬೇರಿಂಗು, ಕ್ಲಚ್ಚು ಬೇಗ ಹಾಳು. ಹುಡುಗರು ಚೈನ್ ಬ್ಲಾಕಿನಿಂದ ಎಂಜಿನ್ ಇಳಿಬಿಟ್ಟು, ಅತ್ತ ಇತ್ತ ಅಲುಗಿಸಿ, ಕೊನೆಗೆ ಶಾಫ್ಟ್ ಒಳಗೆ ಸರಿದಾಗ ಹಿರಿಯ ಮಿಸ್ತ್ರಿ ಒಂದೇ ಮಾತು ಹೇಳಿದರು: "ಕೂಡ್ತು."

ಆ ಮಾತು ಕೇಳಿದಾಗಿನಿಂದ ನನ್ನ ತಲೆಯಲ್ಲಿ ಇದೇ ಓಡುತ್ತಿದೆ. ಎಂಜಿನ್ ಫೌಂಡೇಶನ್ ಮೇಲೆ ಕೂತಿತೋ, ಗೇರ್‌ಬಾಕ್ಸಿನ ಜೊತೆ ಕೂಡಿತೋ? ಎರಡೂ ಆಯಿತು. ಒಂದು ಆಗದೆ ಇನ್ನೊಂದು ಆಗುವುದಿಲ್ಲ. ಈ ಕೆಲಸಕ್ಕೆ ಇಷ್ಟು ಸರಿಯಾಗಿ ಹೊಂದುವ ಮಾತು ಬೇರೆ ಸಿಕ್ಕೀತು ಅಂತ ನನಗೆ ಅನ್ನಿಸುವುದಿಲ್ಲ.

ವ್ಯಾಕರಣದಲ್ಲೂ ಒಂದು ಚೆಂದ ಇದೆ. ನಮ್ಮ ಆಡುಮಾತಿನಲ್ಲಿ ಆಗಿಹೋದದ್ದನ್ನು ಹೇಳುವಾಗ ಎರಡು ಕ್ರಿಯಾಪದ ಸಾಮಾನ್ಯವಾಗಿ ಬೇರೆಯಾಗುತ್ತವೆ: ಖುರ್ಚಿಯ ಮೇಲೆ ಕೂತರು, ಸಭೆಗೆ ಜನ ಕೂಡಿದರು. ಆದರೆ "ಇಸು" ಹತ್ತಿದ ಕೂಡಲೇ ಎರಡೂ ಒಂದೇ ರೂಪಕ್ಕೆ ಬರುತ್ತವೆ: ಕೂಡಿಸಿದರು. ಕೂರು, ಕೂರಿಸು ಅನ್ನುವವರಲ್ಲಿ ಹೀಗಾಗುವುದಿಲ್ಲ. ಕುಂದ್ರು, ಕುಂದ್ರಸು ಅನ್ನುವ ನಮ್ಮ ಹಳ್ಳಿಗಳಲ್ಲೂ ಆಗುವುದಿಲ್ಲ.

ಬೇರೆ ಮಾತುಗಳನ್ನೂ ಯೋಚಿಸಿದೆ. "ಮಾರ್ಪಾಡು" ಕಾಗದದ ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇಂಥ ಮಾರ್ಪಾಡಿನದೇ. ಆರ್‌ಟಿಒ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ಪೆಟ್ರೋಲ್ ಹೋಗಿ ಡೀಸೆಲ್ ಆಗಬೇಕು. ಅಲ್ಲಿ ಆ ಪದ ಇರಲಿ, ಆದರೆ ಅದರಲ್ಲಿ ಎಂಜಿನ್ ಕಾಣುವುದಿಲ್ಲ. "ಕನ್ವರ್ಷನ್" ಎಲ್ಲರಿಗೂ ಗೊತ್ತು, ಅದು ಗ್ಯಾಸ್ ಕಿಟ್ಟಿಗೂ ಆಗುತ್ತದೆ. "ಕಸಿ" ಅನ್ನುವುದು ನನಗೆ ಸ್ವಲ್ಪ ಹೊತ್ತು ಬಹಳ ಇಷ್ಟವಾಗಿತ್ತು. ಮೂತ್ರಪಿಂಡದ ಕಸಿ ಅನ್ನುತ್ತೇವಲ್ಲ. ಧಾರವಾಡದ ಸುತ್ತ ಕಸಿ ಕಟ್ಟಿದ ಆಪೂಸ್ ಮಾವಿನ ತೋಟ ನೋಡಿ ಬೆಳೆದವಳು ನಾನು. ಆದರೆ ಕಸಿ ಕಟ್ಟಿದ ಟೊಂಗೆ ಬುಡದ ಜೊತೆ ಒಂದಾಗಿ ಬೆಳೆಯುತ್ತದೆ, ಮತ್ತೆ ಬಿಡಿಸಲಾಗುವುದಿಲ್ಲ. ಎಂಜಿನ್ನನ್ನು ಬೋಲ್ಟ್ ಬಿಚ್ಚಿ ನಾಳೆಯೇ ಇಳಿಸಬಹುದು.

ನಾನು ಕೇಳುವುದು ಎರಡು ವಿಷಯ. ಕುಳಿತುಕೊಳ್ಳುವ ಅರ್ಥದ ಈ "ಕೂಡು" ಹಳಗನ್ನಡದ "ಕುಳ್ಳಿರ್" ಕಡೆಯಿಂದ ಸವೆದು ಬಂದದ್ದೇ, ಅಥವಾ ಸೇರುವ ಅರ್ಥದ "ಕೂಡು" ಪದವೇ ಹೀಗೆ ಹಿಗ್ಗಿದೆಯೇ? ತಿಳಿದವರು ಬಿಡಿಸಿ ಹೇಳಿ. ಮತ್ತೆ, ಮಂಡ್ಯ, ಶಿವಮೊಗ್ಗ, ಮಂಗಳೂರು, ಕಲಬುರಗಿ ಕಡೆಯ ಗ್ಯಾರೇಜುಗಳಲ್ಲಿ ಈ ಕೆಲಸಕ್ಕೆ ಬಾಯಲ್ಲಿ ಬರುವ ಮಾತು ಯಾವುದು? ಕೂರಿಸು, ಇಡು, ಏರಿಸು, ಹಾಕು, ಯಾವುದಾದರೂ ಸರಿ, ಮಿಸ್ತ್ರಿಗಳು ಆಡಿದ ಹಾಗೇ ಬರೆಯಿರಿ. ಪೇಂಟರ್ ಸೋಮವಾರ ಬರುತ್ತಾನೆ. ಅಷ್ಟರಲ್ಲಿ ಬೇರೆ ಮಾತು ಮನಸ್ಸಿಗೆ ಒಪ್ಪದಿದ್ದರೆ "ಕೂಡಿಸಿ" ಅಂತಲೇ ಬರೆಸುತ್ತೇವೆ.